ಸೋಫಾ ಮೇಲಿಂದ ಅಪ್ಪ ಕಂಡ ಆಸ್ಟ್ರೇಲಿಯಾ

ಸಾವಾದ ಮನೆಯಲ್ಲಿ ನಗು ಬರುವಂಥದ್ದು ಏನೂ ನಡೆಯುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರು ನಮ್ಮ ಮನೆಗೆ ಬಂದಿಲ್ಲ ಅಂತಲೇ ಅರ್ಥ. ನಮ್ಮಲ್ಲಿ ಅದು ನಡೆಯುತ್ತಲೇ ಇರುತ್ತದೆ. ಅದೂ ಸರಿಯಾಗಿ ಅಳೋಣ ಅಂತ ಸೆರಗು ಹುಡುಕುವ ಹೊತ್ತಿಗೇ ನಡೆಯುತ್ತದೆ.

ಅಮ್ಮ ಹೋದದ್ದು ಮೈಸೂರಿನಲ್ಲಿ, ಒಂದು ಬೆಳಿಗ್ಗೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವಷ್ಟರಲ್ಲಿ. ಕಾಯಿಲೆ ಇರಲಿಲ್ಲ, ಆಸ್ಪತ್ರೆ ಇರಲಿಲ್ಲ, ಹಿಂದಿನ ದಿನ ತಲೆನೋವು ಅಂತ ಕೂಡ ಅಂದಿರಲಿಲ್ಲ. ನಾನು ಹಾಲೆಂಡಿನ ಆಮ್ಸ್ಟೆಲ್‌ವೇನ್‌ನಿಂದ ವಿಮಾನ ಹಿಡಿದು ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪ ಅಳಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಬಂದವರಿಗೆಲ್ಲ ಪಾಯಸ ಬಡಿಸಿ ಅಂತ ಹೇಳುತ್ತಾ ಓಡಾಡಿದರು. ಆಮೇಲೆ ಅಮ್ಮನ ಹೆಸರನ್ನೂ ಎತ್ತಲಿಲ್ಲ. ಬೇರೆಯವರು ಎತ್ತಿದರೆ ಎದ್ದು ಹೋಗುತ್ತಿದ್ದರು. ಗೋಡೆಗೆ ಫೋಟೋ ಹಾಕಲೂ ಬಿಡಲಿಲ್ಲ.

"ಅಕ್ಕ, ಅವರು ಊಟನೇ ಬಿಟ್ಬಿಟ್ಟಿದಾರೆ. ಸ್ವಲ್ಪ ದಿನ ನಿನ್ನ ಹತ್ರ ಇಟ್ಕೊ" ಅಂದ ತಮ್ಮ. ಮೂರು ತಿಂಗಳ ವೀಸಾದ ಮೇಲೆ ಅಪ್ಪ ನಮ್ಮ ಮನೆಗೆ ಬಂದರು.

ಬಂದ ವಾರವೇ ನಾನೊಂದು ಎಡವಟ್ಟು ಮಾಡಿದೆ. ಅಮ್ಮನಿಗೆ ಫೋನಿನಲ್ಲಿ ಟೈಪ್ ಮಾಡಲು ಬೇಸರ, ಏನಿದ್ದರೂ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅವು ರಾಶಿ ರಾಶಿ ನನ್ನ ಫೋನಿನಲ್ಲಿವೆ. ಅಡುಗೆಮನೆಯಲ್ಲಿ ಒಬ್ಬಳೇ ಇದ್ದೇನೆ ಅಂದುಕೊಂಡು ಒಂದನ್ನು ಒತ್ತಿದೆ. "ಏನೇ, ಊಟ ಆಯ್ತಾ?" ಅಂತ ಅಮ್ಮನ ದನಿ ಬಂದಿದ್ದೇ ತಡ, ಹಾಲ್‌ನಲ್ಲಿದ್ದ ಅಪ್ಪ ಎದ್ದು ಕೋಟು ಹಾಕಿಕೊಂಡು ಕೆಳಗಿಳಿದು ಹೋದರು. ನನ್ನ ಗಂಡ ಹುಡುಕಿದಾಗ ಅಪಾರ್ಟ್‌ಮೆಂಟಿನ ಸೈಕಲ್ ಶೆಡ್ಡಿನಲ್ಲಿ, ಕತ್ತಲಲ್ಲಿ, ಸೈಕಲ್ಲುಗಳ ಮಧ್ಯೆ ಕೂತಿದ್ದರಂತೆ. ಆಮೇಲೆ ನಾನೂ ಅಮ್ಮನ ದನಿ ಕೇಳಲು ಹೋಗಲಿಲ್ಲ.

ನನಗೆ ಬೇಕಾಗಿದ್ದು ಇಷ್ಟೇ. ಮೈಸೂರಿನ ಆ ಮನೆಯಲ್ಲಿ ಒಗ್ಗರಣೆ ಸೌಟಿನಿಂದ ಹಿಡಿದು ಎಲ್ಲವೂ ಅಮ್ಮನದೇ. ಅಲ್ಲಿಗೆ ಹಿಂತಿರುಗುವ ಮೊದಲು ಅಪ್ಪ ಒಂದು ಸಲ ಅವಳ ಮಾತೆತ್ತಲಿ, ಒಂದು ಸಲ ಅತ್ತುಬಿಡಲಿ. ಇಲ್ಲದಿದ್ದರೆ ಆ ಮನೆ ಅವರನ್ನು ಉಳಿಸುವುದಿಲ್ಲ ಅನ್ನಿಸುತ್ತಿತ್ತು.

ಅಪ್ಪ ಅಳುವ ಬದಲು ಟೀವಿ ಹಾಕಿದರು. ಇಲ್ಲಿ ಪರದೇಶದ ಕಾರ್ಯಕ್ರಮಗಳಿಗೆ ಡಬ್ಬಿಂಗ್ ಮಾಡುವುದಿಲ್ಲ, ಇಂಗ್ಲಿಷ್ ಇಂಗ್ಲಿಷಾಗಿಯೇ ಕೇಳುತ್ತದೆ, ಕೆಳಗೆ ಡಚ್ ಅಕ್ಷರ ಓಡುತ್ತಿರುತ್ತದೆ. ರಿಮೋಟ್ ಒತ್ತುತ್ತಾ ಒತ್ತುತ್ತಾ ಹೋದವರು ಆಸ್ಟ್ರೇಲಿಯಾದ ಯಾವುದೋ ಧಾರಾವಾಹಿಯ ಮೇಲೆ ನಿಂತರು.

"ಇದೇ ಯಾಕಪ್ಪಾ?" ಅಂದೆ.

ಕಿಟಕಿಯಾಚೆಯ ಬೂದಿ ಬಣ್ಣದ ಆಕಾಶ ತೋರಿಸಿ, "ಅಲ್ಲಿ ಬಿಸಿಲಿದೆ" ಅಂದರು.

ಆಮೇಲೆ ಕಂಡಿದ್ದೆಲ್ಲ ಆಸ್ಟ್ರೇಲಿಯಾವೇ. ಧಾರಾವಾಹಿ, ಪೊಲೀಸ್ ಕಥೆ, ಹಳೇ ಸಿನಿಮಾ, ಸಾಕ್ಷ್ಯಚಿತ್ರ. ನನ್ನ ಗಂಡ ಅದಕ್ಕೆಂದೇ ಇನ್ನೊಂದು ಆ್ಯಪ್ ಹಾಕಿಸಿಕೊಟ್ಟ. ಅಪ್ಪನ ದೇಹ ಮಾತ್ರ ಹಾಲೆಂಡಿನಲ್ಲಿತ್ತು.

೧. ಕುರಿಗಳ ಯೋಗಕ್ಷೇಮ

ಪಕ್ಕದ ಮನೆಯ ಡಚ್ ಅಜ್ಜಿ ಅಮ್ಮನ ವಿಷಯ ಕೇಳಿ ಹೂವು ಹಿಡಿದು ಬಂದರು. ಇಲ್ಲಿಯವರು ದುಃಖ ವಿಚಾರಿಸಲೂ ಮೊದಲೇ ಸಮಯ ಕೇಳಿಕೊಂಡು ಬರುತ್ತಾರೆ. ಹಾಗಾಗಿ ಅಮ್ಮನ ಮಾತು ಎತ್ತಬೇಡಿ ಅಂತ ಮುಂಚೆಯೇ ಅವರಿಗೆ ಹೇಳಿಕೊಡಲು ನನಗೆ ಸಮಯ ಸಿಕ್ಕಿತ್ತು. ಅಜ್ಜಿ ಜಾಣೆ. ಕಾಫಿ ಕೈಗೆ ಬಂದಮೇಲೆ ಅಪ್ಪನನ್ನು ಇಂಗ್ಲಿಷಿನಲ್ಲಿ, "ಈ ಕಡೆಯ ಜೀವನ ಹೇಗನ್ನಿಸುತ್ತಿದೆ?" ಅಂತ ಮಾತ್ರ ಕೇಳಿದರು.

"ತುಂಬಾ ಕಷ್ಟ" ಅಂದರು ಅಪ್ಪ. "ಬೆಂಕಿ ಯಾವ ಕಡೆಯಿಂದ ಬರುತ್ತೆ ಅಂತ ಹೇಳಕ್ಕಾಗಲ್ಲ. ಗಾಳಿ ತಿರುಗಿತು ಅಂದ್ರೆ ಊರಿಗೆ ಊರೇ ಹೋಯ್ತು."

ಅಜ್ಜಿ ಕಿಟಕಿಯಾಚೆ ನೋಡಿದರು. ಒಂದು ವಾರದಿಂದ ಜಿನುಗುತ್ತಿದ್ದ ಮಳೆ ಇನ್ನೂ ಜಿನುಗುತ್ತಿತ್ತು. "ಬೆಂಕಿಯೇ?" ಅಂದರು.

"ಕುಡಿಯೋ ನೀರಿಲ್ಲ. ಕುರಿಗಳು ಸಾಯ್ತಾ ಇವೆ."

ನಮ್ಮ ಮನೆಯ ಹಿಂದೆಯೇ ಕಾಲುವೆ. ಅದರಾಚೆಯ ಹುಲ್ಲಿನಲ್ಲಿ ಕೊಬ್ಬಿದ ಕುರಿಗಳು ನಡೆಯಲಾರದೆ ನಡೆಯುತ್ತಿದ್ದವು. ಡಚ್ಚರಿಗೆ ಕಂಡದ್ದನ್ನು ಕಂಡಹಾಗೆ ಹೇಳದಿದ್ದರೆ ಸಮಾಧಾನವಿಲ್ಲ. "ಕುರಿಗಳು ಚೆನ್ನಾಗಿಯೇ ಇವೆಯಲ್ಲ" ಅಂದರು ಅಜ್ಜಿ.

"ಈಗ ಚೆನ್ನಾಗಿರ್ತವೆ. ಬೇಸಿಗೆ ಬರಲಿ" ಅಂದರು ಅಪ್ಪ.

ಹೊರಡುವಾಗ ಅಜ್ಜಿಗೆ ಶೂ ಕೊಡವಿ ಹಾಕಿಕೊಳ್ಳುವಂತೆ ಹೇಳಿದರು, ಒಳಗೆ ವಿಷದ ಜೇಡ ಇರಬಹುದಂತೆ. ಅಜ್ಜಿ ಪಾಪ, ಎರಡೂ ಶೂ ತಲೆಕೆಳಗು ಮಾಡಿ ಬಡಿದು ಹಾಕಿಕೊಂಡರು. ಬಾಗಿಲ ಹೊರಗೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು: "ನಿಮ್ಮ ತಂದೆ ಬಹಳ ದುಃಖದಲ್ಲಿದ್ದಾರೆ, ಅದು ಗೊತ್ತಾಯಿತು. ಯಾವ ದೇಶದಲ್ಲಿ ಅನ್ನುವುದು ಮಾತ್ರ ಗೊತ್ತಾಗಲಿಲ್ಲ."

೨. ಸತ್ತವಳು ಬಂದಳು

ಆ ಧಾರಾವಾಹಿಯ ಕಥೆ ನಡೆಯುವುದು ಒಂದು ಬೀದಿಯಲ್ಲಿ. ಆ ಬೀದಿಯಲ್ಲಿ ಇರುವಷ್ಟು ಅಪಘಾತ, ಅಪಹರಣ, ಮರೆವಿನ ಕಾಯಿಲೆ ಇಡೀ ಮೈಸೂರು ಜಿಲ್ಲೆಯಲ್ಲಿಲ್ಲ. ಅಪ್ಪ ಪ್ರತಿ ಸಂಜೆ ಅದಕ್ಕೆ ಕೂರುತ್ತಿದ್ದರು.

ಅಪ್ಪನ ವಿಷಯ ಒಂದು ಹೇಳಬೇಕು. ಅವರು ಜಿಲ್ಲಾ ಕೋರ್ಟಿನಲ್ಲಿ ಶಿರಸ್ತೇದಾರರಾಗಿದ್ದವರು. ಜಡ್ಜ್ ಸಾಹೇಬರ ಮುಂದೆ ಕೂತು ಫೈಲು ಎತ್ತಿ ಕೊಡುವುದೇ ಕೆಲಸ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಕೋರ್ಟು ಅವರನ್ನು ಬಿಟ್ಟಿಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದರೂ ಸಾಕ್ಷಿ ಕೇಳುತ್ತಾರೆ.

ಒಂದು ಸಂಜೆ ನಾನು ಆಫೀಸಿನಿಂದ ಬಂದು ಬ್ಯಾಗ್ ಇಡುವಾಗ ಟೀವಿಯಲ್ಲಿ ಒಬ್ಬ ಹೆಂಗಸು ಬಾಗಿಲು ತಟ್ಟಿದಳು. ಬಾಗಿಲು ತೆಗೆದ ಗಂಡಸು ಬೆಪ್ಪಾಗಿ ನಿಂತ. ಅವಳು ಅವನ ಹೆಂಡತಿ. ಸಮುದ್ರದಲ್ಲಿ ಮುಳುಗಿ ಸತ್ತಳು ಅಂತ ಎಲ್ಲರೂ ಅತ್ತು, ಪೂಜೆ ಮಾಡಿ, ಕಲ್ಲು ನಿಲ್ಲಿಸಿ ಆಗಿತ್ತು. ಈಗ ಒಣಗಿದ ಕೂದಲು ಬಿಟ್ಟುಕೊಂಡು ನಗುತ್ತಾ ನಿಂತಿದ್ದಳು.

ಇದನ್ನು ಅಪ್ಪ ನೋಡಬಾರದಿತ್ತು. ರಿಮೋಟಿಗೆ ಕೈ ಹಾಕುವಷ್ಟರಲ್ಲಿ ಅವರೇ ಆಫ್ ಮಾಡಿದರು.

"ಸುಳ್ಳು" ಅಂದರು. "ಯಾರೂ ಬರಲ್ಲ. ಬಾಗಿಲು ತಟ್ಟಲ್ಲ."

ಅಷ್ಟೇ ಅಂದು ಕೈಕಟ್ಟಿ ಕೂತರು. ನಾನು ಪಕ್ಕದಲ್ಲಿ ಕೂತೆ. ಇವತ್ತು ಖಂಡಿತ ಅಳುತ್ತಾರೆ ಅಂದುಕೊಂಡು ಕಾದೆ. ಅವರು ತಿರುಗಿ ಟೀವಿ ಹಾಕಿದರು.

"ಯಾಕಪ್ಪಾ, ಬೇಡ ಬಿಡಿ" ಅಂದೆ.

"ಬಾಡಿ ಸಿಕ್ಕಿಲ್ಲ. ಏಳು ವರ್ಷ ಕಾಯದೆ ಸತ್ತಳು ಅಂತ ಯಾವ ಕೋರ್ಟೂ ಹೇಳಲ್ಲ. ಆ ಮುಠ್ಠಾಳ ಒಂದೂವರೆ ವರ್ಷಕ್ಕೇ ಅವಳ ತಂಗೀನ ಮದುವೆ ಆಗಿದಾನೆ. ಈಗ ಏನ್ ಮಾಡ್ತಾನೆ ನೋಡಬೇಕಲ್ಲ!"

೩. ಹಡಗು

ಇನ್ನೊಂದು ವಾರ ಹಳೇ ಕಾಲದ ಸಿನಿಮಾ. ಲಂಡನ್ನಿನಲ್ಲಿ ಒಬ್ಬ ಹುಡುಗಿ ಅಂಗಡಿಯಿಂದ ಒಂದು ತುಂಡು ಬಟ್ಟೆ ಕದಿಯುತ್ತಾಳೆ. ಜಡ್ಜ್ ತಲೆ ಎತ್ತದೆ ಏಳು ವರ್ಷ ಗಡಿಪಾರು ಬರೆಯುತ್ತಾನೆ. ಹಡಗಿನ ತಳದಲ್ಲಿ ಸರಪಳಿ, ಇಲಿ, ವಾಂತಿ, ತಿಂಗಳುಗಟ್ಟಲೆ ನೀರು. ಶಿಕ್ಷೆ ಮುಗಿದಮೇಲೆ ತಿರುಗಿ ಹೋಗಲು ಅವಳಿಗೆ ದಾರಿಯಿಲ್ಲ. ಸಿಡ್ನಿಯ ಮಣ್ಣಿನಲ್ಲೇ ಸಾಯುತ್ತಾಳೆ. ಆಸ್ಟ್ರೇಲಿಯಾ ಶುರುವಾದದ್ದು ಹೀಗಂತೆ ಅಂತ ನನ್ನ ಗಂಡ ಹೇಳಿದ. ಶುರು ಅಂದರೆ ಬಿಳಿಯರ ಶುರು.

ಅಪ್ಪನಿಗೆ ಊಟ ಸೇರಲಿಲ್ಲ. "ಮಹಜರು ಎಲ್ಲಿ? ಮುದ್ದೇಮಾಲು ಹಾಜರು ಮಾಡಿದ್ರಾ? ಒಬ್ಬ ಸಾಕ್ಷಿಯಾದ್ರೂ ಇದ್ನಾ?" ಅಂತ ಅಳಿಯನನ್ನು ಕೇಳಿದರು. ಅಳಿಯ ತಪ್ಪು ತನ್ನದೇ ಎಂಬಂತೆ ತಲೆ ತಗ್ಗಿಸಿದ. "ತೀರ್ಪು ಕೊಟ್ಟವನು ಸಂಜೆ ಮನೆಗೆ ಹೋಗಿ ಊಟ ಮಾಡಿರ್ತಾನೆ" ಅಂತ ಅಪ್ಪ ತಟ್ಟೆ ಸರಿಸಿದರು.

ಎರಡು ದಿನ ಕಳೆದು ಇಬ್ಬರೂ ಅಂಗಡಿಗೆ ಹೋಗಿ ಮುಸ್ಸಂಜೆಯಲ್ಲಿ ಬರುತ್ತಿದ್ದರು. ಅಪ್ಪ ನಡೆದು, ನನ್ನ ಗಂಡ ಹ್ಯಾಂಡಲ್ಲಿಗೆ ಚೀಲ ಸಿಕ್ಕಿಸಿಕೊಂಡು ಪಕ್ಕದಲ್ಲೇ ಸೈಕಲ್ ಮೇಲೆ ನಿಧಾನವಾಗಿ. ಸೈಕಲ್ಲಿನ ಲೈಟು ಕೆಟ್ಟು ತಿಂಗಳಾಗಿತ್ತು. ಇಲ್ಲಿ ಕತ್ತಲಲ್ಲಿ ಲೈಟಿಲ್ಲದೆ ಸೈಕಲ್ ಹೊಡೆದರೆ ದಂಡ. ಪೊಲೀಸನೊಬ್ಬ ಅಡ್ಡ ನಿಂತ.

ನನ್ನ ಗಂಡ ಇಳಿದು ಗುರುತಿನ ಚೀಟಿ ತೆಗೆಯುತ್ತಿದ್ದಾನೆ, ಅಪ್ಪ ಮುಂದೆ ಬಂದು ಎರಡೂ ಕೈ ಮುಗಿದರು. ಕೋರ್ಟಿನ ಇಂಗ್ಲಿಷಿನಲ್ಲಿ ಶುರುಮಾಡಿದರು: "ಸರ್, ಇದು ಮೊದಲನೇ ಅಪರಾಧ. ಹೆಂಡತಿ ಇದ್ದಾಳೆ, ಚಿಕ್ಕ ಮಗು ಇದೆ. ಮನೆಯಲ್ಲಿ ಆಗಲೇ ಒಂದು ಸಾವಾಗಿದೆ. ದಯಮಾಡಿ ಇವರನ್ನು ಹಡಗು ಹತ್ತಿಸಬೇಡಿ."

ಪೊಲೀಸ್ ಆ ಮುಖ ಈ ಮುಖ ನೋಡಿದ. ಬರೆಯುತ್ತಿದ್ದ ಕೈ ನಿಂತಿತು. ದಂಡ ಹಾಕುವುದನ್ನೂ ಮರೆತ.

"ಹಡಗು ಬೇಡ ಸರ್" ಅಂದನಂತೆ, ಬಹಳ ಮೆತ್ತಗೆ. "ಒಂದು ಲೈಟು ಹಾಕಿಸಿದರೆ ಸಾಕು."

೪. ಗೇಟಿನಲ್ಲಿ ಕಾವಲು

ಈ ಪ್ರಸಂಗದ ಮೂಲದಲ್ಲಿ ನಗುವಂಥದ್ದು ಏನೂ ಇಲ್ಲ. ಆ ದೇಶದಲ್ಲಿ ಸರ್ಕಾರದವರು ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರಿಂದ ಕಿತ್ತು ದೂರದ ಹಾಸ್ಟೆಲ್ಲುಗಳಿಗೆ ಒಯ್ದ ಕಾಲವೊಂದಿತ್ತು. ತಲೆಮಾರುಗಟ್ಟಲೆ ನಡೆಯಿತು. ಅದರ ಮೇಲೆ ಮಾಡಿದ ಸಾಕ್ಷ್ಯಚಿತ್ರ ಬಂತು. ಮುದುಕಿಯೊಬ್ಬಳು ಕ್ಯಾಮೆರಾ ಮುಂದೆ ಕೂತು, ಗಾಡಿ ಬಂದ ದಿನ ಅಮ್ಮ ಅದರ ಹಿಂದೆ ಓಡಿದ್ದನ್ನು ಹೇಳುತ್ತಾಳೆ. ಅಷ್ಟು ವಯಸ್ಸಾದವಳು "ಅಮ್ಮ" ಅನ್ನುವಾಗ ಅವಳ ದನಿ ಚಿಕ್ಕ ಹುಡುಗಿಯದಾಗುತ್ತದೆ. ನಾನು ಎದ್ದು ಬಚ್ಚಲಿಗೆ ಹೋಗಿ ಮುಖ ತೊಳೆದು ಬಂದೆ. ಅಪ್ಪ ಅಲುಗಾಡದೆ ಕೂತಿದ್ದರು.

"ಆರ್ಡರ್ ಇತ್ತಂತೆ" ಅಂದರು ಕೊನೆಗೆ. "ಸೀಲು ಹಾಕಿದ ಆರ್ಡರ್. ನನ್ನಂಥವನೇ ಯಾರೋ ಸೀಲು ಒತ್ತಿರ್ತಾನೆ."

ಅದಾದ ವಾರ ನನ್ನ ಮಗಳ ಶಾಲೆಯಿಂದ ಫೋನ್ ಬಂತು. ನಾನು ಮೀಟಿಂಗಿನಲ್ಲಿದ್ದೆ. ಶಾಲೆಯವರು ಬಹಳ ಸಭ್ಯವಾಗಿ ಕೇಳಿದರು: ಮಂಕಿಕ್ಯಾಪ್ ಹಾಕಿಕೊಂಡು ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತು ಒಳಗೆ ಹೋಗುವ ಬರುವ ಕಾರುಗಳನ್ನೆಲ್ಲ ದಿಟ್ಟಿಸುವ ವೃದ್ಧರು ನಿಮಗೆ ಪರಿಚಯವೇ? ಪೊಲೀಸರಿಗೆ ಹೇಳುವ ಮೊದಲು ಎಲ್ಲ ಪೋಷಕರನ್ನೂ ವಿಚಾರಿಸುತ್ತಿದ್ದಾರಂತೆ.

ಮೀಟಿಂಗ್ ಬಿಟ್ಟು ಓಡಿದೆ. ಅಪ್ಪ ಗೇಟಿನಲ್ಲೇ ಇದ್ದರು, ಮೂಗಿನ ತುದಿ ಕೆಂಪಾಗಿತ್ತು.

"ಏನಪ್ಪಾ ಇದು? ಮೂರು ಗಂಟೆಗೆ ಬಿಡ್ತಾರೆ, ನೀವು ಬೆಳಿಗ್ಗೆಯಿಂದ ಇಲ್ಲೇ ನಿಂತಿದ್ದೀರಾ?"

"ಗಾಡಿ ಯಾವಾಗ ಬರುತ್ತೆ ಅಂತ ಹೇಳಿ ಬರ್ತಾರೇನಮ್ಮ?" ಅಂದರು. "ಎಲ್ಲಾ ಹೇಳದೇ ಕೇಳದೇ ಆಗೋದು."

ಒಳಗೆ ಹೋಗಿ ಮಗಳ ಟೀಚರಿಗೆ ವಿಷಯ ಹೇಳಿ ಕ್ಷಮೆ ಕೇಳಿದೆ. ಆಕೆಯ ಕಣ್ಣು ಒದ್ದೆಯಾಯಿತು. "ನನಗೆ ಬೇಜಾರಿಲ್ಲ. ಒಂದೇ ವಿನಂತಿ" ಅಂದರು. "ನಿನ್ನೆ ಚಿಕ್ಕ ತರಗತಿಯ ಮಕ್ಕಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ಯಲು ಬಸ್ಸು ಹತ್ತಿಸುತ್ತಿದ್ದೆ. ನಿಮ್ಮ ತಂದೆ ಬಂದು ಆರ್ಡರ್ ಕಾಪಿ ಕೇಳಿದರು. ಇಲ್ಲ ಅಂದೆ. ಎಲ್ಲರನ್ನೂ ಇಳಿಸಿ ತಿರುಗಿ ಕ್ಲಾಸಿಗೆ ಕರೆದೊಯ್ದೆ. ಮುಂದಿನ ಸಲ ಕಾಪಿ ಕೊಡುತ್ತೇನೆ, ಬಸ್ಸು ಬಿಡಲು ಹೇಳಿ."

೫. ಎಕ್ಸ್‌ಪಾರ್ಟಿ

ಅಪ್ಪ ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ಊರಿನಲ್ಲಿ ತಮ್ಮ ಪ್ರತಿ ತಿಂಗಳು ಅಮ್ಮನ ಮಾಸಿಕ ಮಾಡಿ ನಮಗೆ ವೀಡಿಯೊ ಕಾಲ್ ಮಾಡುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅಪ್ಪ ವಾಕಿಂಗ್ ಹೊರಟುಬಿಡುತ್ತಿದ್ದರು. ಮಳೆಯಿದ್ದರೂ ಅಷ್ಟೆ. ನನಗೆ ದಿಗಿಲು ಹೆಚ್ಚುತ್ತಿತ್ತು. ಇಲ್ಲಿನ ಫ್ಯಾಮಿಲಿ ಡಾಕ್ಟರನ್ನು ಕೇಳಿದರೆ, ಕಾಯಿರಿ, ಬೇಕಾದರೆ ಪ್ಯಾರಾಸಿಟಮಾಲ್ ಕೊಡಿ ಅಂದರು. ಕಾಲು ಮುರಿದರೂ ಅವರು ಅದನ್ನೇ ಹೇಳುತ್ತಾರೆ.

ಒಂದು ಭಾನುವಾರ ಆಸ್ಟ್ರೇಲಿಯಾದ ಹಳೆಯ ಹಾಡುಗಾರರ ಬಗ್ಗೆ ಒಂದು ಕಾರ್ಯಕ್ರಮ ಹಾಕಿಕೊಂಡಿದ್ದರು. ಶುರುವಾಗುವ ಮೊದಲು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂತು.

"ನಿಲ್ಸು, ನಿಲ್ಸು" ಅಂದರು ಅಪ್ಪ. "ಇದು ಎಲ್ಲಾದ್ರಲ್ಲೂ ಬರುತ್ತೆ. ಪೂರ್ತಿ ಓದೋಷ್ಟರಲ್ಲಿ ಹೋಗುತ್ತೆ. ಓದು."

ಓದಿದೆ. ಮೂಲನಿವಾಸಿ ವೀಕ್ಷಕರು ಗಮನಿಸಬೇಕು, ಈ ಕಾರ್ಯಕ್ರಮದಲ್ಲಿ ತೀರಿಕೊಂಡವರ ಚಿತ್ರಗಳು ಮತ್ತು ಧ್ವನಿಗಳು ಇರಬಹುದು ಅಂತಿತ್ತು.

"ಯಾಕೆ ಹೀಗೆ ಹೇಳ್ತಾರೆ?"

ಫೋನಿನಲ್ಲಿ ಹುಡುಕಿ ಹೇಳಿದೆ. "ಅಲ್ಲಿನ ಎಷ್ಟೋ ಸಮುದಾಯಗಳಲ್ಲಿ ಯಾರಾದ್ರೂ ಹೋದ್ರೆ ಕೆಲವು ಕಾಲ ಅವರ ಹೆಸರು ಹೇಳಲ್ವಂತೆ ಅಪ್ಪಾ. ಫೋಟೋ ನೋಡಲ್ಲ, ದನಿ ಕೇಳಲ್ಲ. ಎಷ್ಟು ಕಾಲ ಅನ್ನೋದು ಆ ಮನೆಯೋರಿಗೆ ಬಿಟ್ಟಿದ್ದು. ಗೊತ್ತಿಲ್ದೆ ನೋಡ್ಬಿಟ್ರೆ ನೋವಾಗುತ್ತೆ ಅಂತ ಮೊದಲೇ ಹೇಳ್ತಾರೆ."

ಅಪ್ಪ ಆ ಕಪ್ಪು ಪರದೆಯನ್ನೇ ನೋಡುತ್ತಾ ಕೂತರು.

"ನೋಡಮ್ಮ" ಅಂದರು. "ಗುರುತು ಪರಿಚಯ ಇಲ್ದೋರಿಗೆ ಟೀವಿಯೋರು ನೋಟಿಸ್ ಕೊಡ್ತಾರೆ. ಅವತ್ತು ಅಡುಗೆಮನೇಲಿ ಫೋನ್ ಒತ್ತೋ ಮುಂಚೆ ನೀನು ನನಗೆ ನೋಟಿಸ್ ಕೊಟ್ಯಾ?"

"ಇಲ್ಲಪ್ಪ. ತಪ್ಪಾಯ್ತು."

"ನಿಮ್ಮಮ್ಮ ಕೊಟ್ಲಾ?"

ಆರು ತಿಂಗಳಲ್ಲಿ ಮೊದಲ ಸಲ ಅವರ ಬಾಯಲ್ಲಿ ಅಮ್ಮನ ಮಾತು ಬಂದಿತ್ತು.

"ಇಷ್ಟು ವರ್ಷ ಜೊತೇಲಿದ್ದೋಳು. ನನ್ನ ಕಡೆಯ ಒಂದು ಮಾತೂ ಕೇಳ್ದೆ ಎಕ್ಸ್‌ಪಾರ್ಟಿ ಆರ್ಡರ್ ಮಾಡಿಸ್ಕೊಂಡು ಹೊರಟ್ಹೋದ್ಲು" ಅಂದರು ಅಪ್ಪ, ನಿಜವಾದ ಸಿಟ್ಟಿನಲ್ಲಿ. "ಅಪೀಲು ಹಾಕೋಣ ಅಂದ್ರೆ ಮೇಲಿನ ಕೋರ್ಟಿಗೇ ಹೋಗಿ ಕೂತಿದಾಳೆ."

೬. ನೋಟಿಸ್ ಜಾರಿ

ಅವತ್ತಿನಿಂದ ಮನೆಯಲ್ಲಿ ಹೊಸ ಪದ್ಧತಿ ಬಂತು. ಅಮ್ಮನಿಗೆ ಸಂಬಂಧಪಟ್ಟ ಯಾವುದನ್ನೇ ಮುಟ್ಟುವ ಮೊದಲು ಅಪ್ಪನಿಗೆ ನೋಟಿಸ್ ಕೊಡಬೇಕು.

"ಅಪ್ಪಾ, ನೋಟಿಸ್. ಅಮ್ಮ ಮಾಡಿದ ಹುಳಿಪುಡಿ ಸ್ವಲ್ಪ ಉಳಿದಿದೆ. ಇವತ್ತು ಆ ಡಬ್ಬಿ ತೆಗೀತೀನಿ, ವಾಸನೆ ಬರುತ್ತೆ."

ಅಪ್ಪ ಯೋಚಿಸುತ್ತಿದ್ದರು. "ಇವತ್ತು ಬೇಡ. ಮುಂದಕ್ಕೆ ಹಾಕು." ನಾವು ಅವತ್ತು ಮೊಸರನ್ನ ತಿನ್ನುತ್ತಿದ್ದೆವು. ಮತ್ತೆ ಮೂರನೇ ದಿನ ಕೇಳಿದರೆ, "ಸರಿ, ತೆಗಿ" ಅಂದು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತರು. ಹುಳಿ ಕುದಿಯುವ ತನಕ ನಿಂತೇ ಇದ್ದರು. ಅವತ್ತು ಎರಡು ಸಲ ಅನ್ನ ಹಾಕಿಸಿಕೊಂಡರು. ನಾನು ಒಲೆ ಕಡೆ ತಿರುಗಿ ಕಣ್ಣೊರೆಸಿಕೊಂಡೆ, ನೋಟಿಸ್ ಕೊಡದೆ.

ಕಾನೂನು ಬಂದಮೇಲೆ ಅದರ ದುರುಪಯೋಗವೂ ಬರಬೇಕಲ್ಲ. ನನ್ನ ಮಗಳಿಗೆ ಒಂಬತ್ತು ವರ್ಷ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ, ಸಿಟ್ಟು ಬಂದರೆ ಡಚ್. ಒಂದು ಸಂಜೆ ತಾತನ ಎದುರು ಗಂಭೀರವಾಗಿ ನಿಂತು, "ತಾತ, ನೋಟಿಸ್. ದಿಸ್ ಮೇ ಹರ್ಟ್ ಯು. ಐ ಗಾಟ್ ಫೋರ್ ಔಟ್ ಆಫ್ ಟೆನ್ ಇನ್ ಮ್ಯಾತ್ಸ್" ಅಂದಳು.

ಅಪ್ಪ ಕನ್ನಡಕ ಸರಿಮಾಡಿಕೊಂಡು ಅಷ್ಟೇ ಗಂಭೀರವಾಗಿ ಹೇಳಿದರು: "ಈ ನೋಟಿಸ್ ನನಗೆ ತಲುಪಿಲ್ಲ ಪುಟ್ಟಿ. ವಿಳಾಸದಾರರು ಮನೆಯಲ್ಲಿಲ್ಲ. ನಿಮ್ಮಮ್ಮನಿಗೆ ಜಾರಿ ಮಾಡು."

೭. ಮಾಸಿಕದ ಸಭೆ

ಅಪ್ಪ ಹೊರಡುವ ಮುನ್ನ ಬಂದ ಕೊನೆಯ ಮಾಸಿಕ. ಮೈಸೂರಿನ ಮನೆಯಲ್ಲಿ ಕಾರ್ಯ ಮುಗಿದು, ಊಟವಾಗಿ, ನೆಂಟರೆಲ್ಲ ಹಾಲ್‌ನಲ್ಲಿ ಕೂತಿದ್ದರು. ತಮ್ಮ ಕಾಲ್ ಮಾಡಿದ. ನಾವು ಅದನ್ನು ದೊಡ್ಡ ಟೀವಿಗೆ ಹಾಕಿದೆವು. ನಾನು ಬಾಗಿಲ ಕಡೆ ನೋಡಿದೆ. ಅಪ್ಪ ಕೋಟು ಹಾಕಿಕೊಳ್ಳಲಿಲ್ಲ. ಒಗೆದ ಪಂಚೆ ಉಟ್ಟು ಬಂದು ಸೋಫಾದ ನಟ್ಟನಡುವೆ ಕೂತರು.

"ಇವತ್ತು ಅವಳ ದನಿ ಹಾಕು. ಎಲ್ಲರೂ ಕೇಳ್ಲಿ" ಅಂದರು.

ನಾನು ಫೋನ್ ತೆಗೆದೆ. "ಯಾವುದು ಹಾಕ್ಲಿ ಅಪ್ಪಾ?"

"ಉದ್ದದ್ದು ಹಾಕು."

ಆ ಮೆಸೇಜುಗಳನ್ನು ನಾನೂ ತಿರುಗಿ ಕೇಳಿರಲಿಲ್ಲ. ಯಾವುದರಲ್ಲಿ ಏನಿದೆ ಅಂತ ನೆನಪೂ ಇರಲಿಲ್ಲ. ಎಲ್ಲಕ್ಕಿಂತ ಉದ್ದದ್ದು ಹುಡುಕಿ ಬೆರಳಿಟ್ಟುಕೊಂಡು ಕೂತೆ. ಅಪ್ಪ ಎದ್ದು ನಿಂತು, ಕೋರ್ಟಿನಲ್ಲಿ ಕೇಸು ಕೂಗುವ ದನಿಯಲ್ಲಿ ಶುರುಮಾಡಿದರು.

"ಎಲ್ಲರೂ ಗಮನಿಸಬೇಕು. ಈಗ ಹಾಕುವುದರಲ್ಲಿ ತೀರಿಕೊಂಡವರ ಧ್ವನಿ ಇದೆ. ಕೆಲವರಿಗೆ ನೋವಾಗಬಹುದು. ಬೇಡ ಅನ್ನುವವರು ಎದ್ದು ಹೋಗಬಹುದು. ಇದು ನೋಟಿಸ್."

ಮೈಸೂರಿನಲ್ಲಿ ಯಾರೂ ಏಳಲಿಲ್ಲ. ಎಲ್ಲರೂ ಮುಂಗಡವಾಗಿ ಕಣ್ಣೊರೆಸಿಕೊಳ್ಳತೊಡಗಿದರು. ಎಲ್ಲರಿಗಿಂತ ಮುಂದೆ, ಕ್ಯಾಮೆರಾಕ್ಕೆ ಮುಖವಿಟ್ಟು ಕೂತಿದ್ದವರು ನನ್ನ ಸೋದರತ್ತೆ, ಅಪ್ಪನ ಒಬ್ಬಳೇ ತಂಗಿ. ಅವರದು ದೊಡ್ಡ ಗಂಟಲು. "ಅಯ್ಯೋ ನಮ್ಮತ್ತಿಗೆ, ದೇವತೆ ಕಣಣ್ಣಾ, ಯಾರ ಬಗ್ಗೇನೂ ಒಂದು ಮಾತಾಡಿದೋಳಲ್ಲ" ಅಂತ ಅಳುತ್ತಿದ್ದರು. ನಾನು ಒತ್ತಿದೆ.

"ಹಲೋ... ಇದು ಬರ್ತಿದ್ಯೋ ಇಲ್ವೋ... ಕೆಂಪು ಬಂತು. ಹ್ಞಾ, ಏನೇ, ಊಟ ಆಯ್ತಾ? ಕೇಳಿಲ್ಲಿ. ನಿಮ್ಮತ್ತೆ ಬಂದಿದ್ಲು."

ಮೈಸೂರಿನಲ್ಲಿ ಅಳು ಸ್ವಲ್ಪ ತಗ್ಗಿತು.

"ನನ್ನ ಹಿತ್ತಾಳೆ ಚಕ್ಕುಲಿ ಒರಳು ತಗೊಂಡು ಹೋದ್ಲಲ್ಲ ಅವಳು, ನಿನ್ನ ಸೀಮಂತಕ್ಕಿಂತ ಮುಂಚೆ. ಇವತ್ತು ಬಾಯಿಬಿಟ್ಟು ಕೇಳೇಬಿಟ್ಟೆ. 'ಅದು ನಮ್ಮಮ್ಮಂದು ಅತ್ತಿಗೆ, ನಂಗೇ ಸೇರ್ಬೇಕು' ಅಂತಾಳೆ! ನಮ್ಮಪ್ಪ ಮಂಡಿಪೇಟೇಲಿ ತೂಗಿಸಿ ಕೊಡಿಸಿದ್ದು ಕಣೇ! ಅದರಲ್ಲೇ ಒತ್ತಿದ ಚಕ್ಕುಲಿ ನಂಗೇ ತಂದುಕೊಟ್ಲು. ಹಲ್ಲಿಗೆ ಸಿಕ್ಕಿದ್ರೆ ಹಲ್ಲೇ ಹೋಗ್ಬೇಕು, ಹಾಗಿದೆ. ಗೇಟಿನ ಹತ್ರ ಹಸೂಗೆ ಹಾಕ್ದೆ, ಅದೂ ಮೂಸಿ ನೋಡಿ ಹೊರಟ್ಹೋಯ್ತು..."

ನಿಲ್ಲಿಸಲು ನೋಡಿದೆ. ಅಪ್ಪ ಕೈ ಅಡ್ಡ ಹಿಡಿದರು. ಅತ್ತೆ ಮುಖಕ್ಕೆ ಹಿಡಿದ ಸೆರಗು ಹಾಗೇ ನಿಂತಿತ್ತು. ಅಮ್ಮ ಯಾವ ಅವಸರವೂ ಇಲ್ಲದೆ ಮುಂದುವರಿಸಿದಳು.

"ನಿಮ್ಮಪ್ಪಂಗೆ ಹೇಳ್ಬೇಡ್ವೇ. ತಂಗಿ ಅಂದ್ರೆ ಪ್ರಾಣ ಅವರಿಗೆ, ಬೇಜಾರು ಮಾಡ್ಕೋತಾರೆ. ಕೋರ್ಟಲ್ಲಿ ಊರೋರ ಜಗಳ ಎಲ್ಲಾ ಕೂಗಿ ಕರೆದ್ರು, ಮನೇಲಿ ಇನ್ನೊಂದು ಲೋಟ ಕಾಫಿ ಬೇಕು ಅಂತ ಕೇಳಕ್ಕೆ ಬಾಯಿಲ್ಲ ಅವರಿಗೆ. ಖಾಲಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಂತ್ಕೋತಾರೆ ಅಷ್ಟೆ. ಈಗ್ಲೂ ನಿಂತಿದಾರೆ ನೋಡು. ಬಂದೇ ರೀ! ಇಡ್ಲಾ?"

ಮೆಸೇಜ್ ಮುಗಿಯಿತು.

ಅಪ್ಪನ ಹೊಟ್ಟೆ ಮೊದಲು ಕುಲುಕಿತು. "ಹಸೂನೂ ಮೂಸಿ ಹೋಯ್ತಂತೆ" ಅಂದು ನಕ್ಕರು. ನಕ್ಕು ನಕ್ಕು ಸೋಫಾಕ್ಕೆ ಕುಸಿದರು. ಆ ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಬಾಯಿಗೆ ಪಂಚೆಯಂಚು ಒತ್ತಿಕೊಂಡು, ಭುಜ ಕುಣಿಸುತ್ತಾ, ಚಿಕ್ಕ ಮಕ್ಕಳ ಹಾಗೆ ದೊಡ್ಡ ದನಿಯಲ್ಲಿ ಅತ್ತರು. "ಬಾಯಿಲ್ಲ ನೋಡೇ ನನಗೆ, ಬಾಯಿಲ್ಲ" ಅಂತ ಅಮ್ಮನಿಗೇ ಹೇಳುತ್ತಾ ಅತ್ತರು. ನಾನು ಅವರನ್ನು ತಬ್ಬಿಕೊಂಡು ಅತ್ತೆ. ನನ್ನ ಗಂಡ ಅತ್ತ. ಮಗಳು ಟಿಶ್ಯೂ ಡಬ್ಬ ಹಿಡಿದು ಎಲ್ಲರಿಗೂ ಹಂಚಿದಳು. ಟೀವಿಯೊಳಗೆ ತಮ್ಮ ಗೋಡೆ ಕಡೆ ತಿರುಗಿ ನಿಂತಿದ್ದ.

ಬಹಳ ಹೊತ್ತಾದ ಮೇಲೆ ಅಪ್ಪ ಮೂಗು ಒರೆಸಿಕೊಂಡರು.

"ಇನ್ನೊಂದ್ಸಲ ಹಾಕು" ಅಂದರು.

"ಬೇಡ ಕಣೇ!" ಅಂತ ಮೈಸೂರಿನಿಂದ ಅತ್ತೆ ಕಿರುಚಿದರು. "ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ! ಒರಳು ನಾಳೆ ಬೆಳಿಗ್ಗೆನೇ ತಂದು ಕೊಟ್ಬಿಡ್ತೀನಿ!"

ಅಪ್ಪ ಕನ್ನಡಕ ಹಾಕಿಕೊಂಡು ನೆಟ್ಟಗೆ ಕೂತರು.

"ಪ್ರತಿವಾದಿಗೆ ನೋಟಿಸ್ ಆಗಿದೆ, ಎದ್ದು ಹೋಗಿಲ್ಲ. ಆಕ್ಷೇಪಣೆ ವಜಾ" ಅಂದರು. "ನೀನು ಹಾಕಮ್ಮ."